ಹಸಿರು ಬಸ್ಸು ಬರಲಿ. ಟಿಕೆಟ್ಟಿನ ಹಣ ಊರಲ್ಲೇ ಉಳಿಯಲಿ

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಸಾರಿಗೆ ಪ್ರಶ್ನೆ: ಒಂದು ಅವಲೋಕನ

ಕಳೆದ ಬೇಸಿಗೆ ರಜೆಯಲ್ಲಿ ಗಡಹಿಂಗ್ಲಜಕ್ಕೆ ಹೋಗಿ ಬರುವ ಸಂದರ್ಭ ಒದಗಿತು. ಟಿ.ಸಿ.ಎಚ್. ಓದುತ್ತಿದ್ದ ದಿನಗಳಲ್ಲಿ ನನ್ನ ಸಹಪಾಠಿಯಾಗಿದ್ದ ಮಿತ್ರರೊಬ್ಬರ ಮನೆಯಲ್ಲಿ ಮದುವೆ. ಬೆಳಗಾವಿಯಿಂದ ಸಂಕೇಶ್ವರಕ್ಕೆ ಬಂದಿಳಿದು, ಮುಂದಿನ ಬಸ್ಸು ಯಾವಾಗ ಎಂದು ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ. “ಎಸ್.ಟಿ. ಹಾದಿ ಕಾಯ್ಕೊಂತ ಕುಂತ್ರ ಮಧ್ಯಾಹ್ನ ಆಗತೈತ್ರೀ ಸಾಹೇಬ್ರ, ವಡಾಪ್ ಹತ್ರಿ” ಎಂದರು. ಸೀಟು ತುಂಬಿ, ಅದರ ಮೇಲೆ ಇನ್ನೂ ನಾಲ್ಕು ಜನ ತೂರಿಕೊಂಡ ಮೇಲೆ ಹೊರಡುವ ಜೀಪಿಗೆ ಆ ಕಡೆಯಲ್ಲಿ ವಡಾಪ್ ಎಂದು ಹೆಸರು. ಕೊಲ್ಲಾಪುರ, ಸಾಂಗ್ಲಿ, ಸಾತಾರಾ ಜಿಲ್ಲೆಗಳ ಹಳ್ಳಿಯವರಿಗೆಲ್ಲ ಚಿರಪರಿಚಿತವಾದ ಶಬ್ದ.

ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಡಿಲಲ್ಲಿ ಒಣಮೆಣಸಿನ ಚೀಲವಿತ್ತು. ಗಡಹಿಂಗ್ಲಜದ ಪೇಟೆಗೆ ಮಾರಲು ಒಯ್ಯುತ್ತಿದ್ದರು. ಜೀಪಿನವನು ಅವರಿಂದ ಪೂರ್ತಿ ಬಾಡಿಗೆ ತೆಗೆದುಕೊಂಡು, ಚೀಲಕ್ಕೆ ಬೇರೆ ಹಣ ಕೇಳಿದ. ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ ಸ್ತ್ರೀಯರಿಗೆ ಅರ್ಧ ಟಿಕೆಟ್ಟಿನ ಸೌಲಭ್ಯ 2023ರ ಮಾರ್ಚಿನಲ್ಲಿ ಜಾರಿಗೆ ಬಂದಿತ್ತು. ಅದೇ ವರ್ಷ ಜೂನ್‌ನಲ್ಲಿ ಕರ್ನಾಟಕದ ಸ್ತ್ರೀಯರಿಗೆ ತಮ್ಮ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಎರಡು ರಾಜ್ಯಗಳ ಎರಡು ರಿಯಾಯಿತಿಗಳ ನಡುವೆ ಕೂತ ಆ ಹೆಂಗಸು ಎರಡನ್ನೂ ಪಡೆಯದೆ ಪೂರ್ತಿ ಹಣ ತೆತ್ತಳು. ಕಾರಣ ಸರಳ. ಬಸ್ಸೇ ಬರಲಿಲ್ಲ.

ಈಗ ಎಲ್ಲೆಲ್ಲೂ ‘ಹಸಿರು ಸಾರಿಗೆ’ಯ ಮಾತು ಕೇಳಿಬರುತ್ತಿದೆ. ಹೊಗೆಯುಗುಳದ ಬಸ್ಸು, ಸದ್ದಿಲ್ಲದ ಬಸ್ಸು, ಬ್ಯಾಟರಿಯ ಬಸ್ಸು. ಬೇಡವೆನ್ನುವವರು ಯಾರು? ಆದರೆ ಸಾರಿಗೆ ಎಂಬುದು ಬರೇ ಗಾಳಿಯ ಪ್ರಶ್ನೆಯಲ್ಲ, ಕಿಸೆಯ ಪ್ರಶ್ನೆಯೂ ಹೌದು. ಪ್ರಯಾಣಿಕ ಕೊಡುವ ಒಂದು ರೂಪಾಯಿಯಲ್ಲಿ ಎಷ್ಟು ಪೈಸೆ ಆ ಊರಿನಲ್ಲಿ ಉಳಿಯುತ್ತದೆ, ಎಷ್ಟು ಪೈಸೆ ಹೊರಗೆ ಹರಿದುಹೋಗುತ್ತದೆ ಎಂಬ ಲೆಕ್ಕ ಹಾಕದೆ ಬಸ್ಸಿಗೆ ಹಸಿರು ಬಣ್ಣ ಬಳಿದರೆ ಊರು ಉದ್ಧಾರವಾಗದು. ಕೊಲ್ಲಾಪುರದ ಸೀಮೆಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಸ್ವಲ್ಪ ವಿಚಾರಮಾಡಬಹುದು. ಏಕೆಂದರೆ ಬಸ್ಸಿಗೆ ಬೇಕಾದ ಇಂಧನವೂ ಕೈಚಳಕವೂ ಅಲ್ಲಿಯ ಮಣ್ಣಿನಲ್ಲೇ ಇವೆ.

ಮೂರು ಊರು, ಮೂರು ಅಗತ್ಯ

ಕೊಲ್ಲಾಪುರ ಹಳೆಯ ಸಂಸ್ಥಾನದ ರಾಜಧಾನಿ. ಮಿರಜದಿಂದ ಅಲ್ಲಿಗೆ 1891ರಲ್ಲಿಯೇ ರೈಲು ಬಂತು. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 5.49 ಲಕ್ಷ. ಮಹಾಲಕ್ಷ್ಮಿಯ ದರ್ಶನಕ್ಕೆ ಬರುವ ಯಾತ್ರಿಕರಿಂದ ಹಳೆಯ ಪೇಟೆಯ ಓಣಿಗಳು ಸದಾ ತುಂಬಿರುತ್ತವೆ. ನಗರಪಾಲಿಕೆಯದೇ ಆದ ಬಸ್ ವ್ಯವಸ್ಥೆ ಇದೆ; ಅದನ್ನು ಜನ ಕೆ.ಎಂ.ಟಿ. ಎನ್ನುತ್ತಾರೆ.

ಇಚಲಕರಂಜಿ ಅಲ್ಲಿಂದ ಸುಮಾರು ಮೂವತ್ತು ಕಿ.ಮೀ. ದೂರದ ಮಗ್ಗದ ಊರು. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಅಲ್ಲಿ ಸದ್ದು ಮಾಡಿತು. ಈಗ ಮಗ್ಗಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿನಲ್ಲಿದೆ. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಬಿರುದೂ ಉಂಟು. 2022ರಲ್ಲಿ ಅದು ಮಹಾನಗರಪಾಲಿಕೆಯಾಯಿತು. ಆದರೆ ರೈಲು ಹಿಡಿಯಬೇಕಾದರೆ ಅಲ್ಲಿಯ ಜನ ಹಾತಕಣಂಗಲೆಗೆ ಹೋಗಬೇಕು. ಮಗ್ಗದ ಕೆಲಸ ಹಗಲು ರಾತ್ರಿ ಪಾಳಿಯ ಮೇಲೆ ನಡೆಯುವುದರಿಂದ ನಡುರಾತ್ರಿಯಲ್ಲೂ ಅಲ್ಲಿ ಜನಸಂಚಾರವಿರುತ್ತದೆ.

ಗಡಹಿಂಗ್ಲಜ ಹಿರಣ್ಯಕೇಶಿಯ ದಂಡೆಯ ಸಣ್ಣ ಪೇಟೆ. ರೈಲು ಅದರ ಹತ್ತಿರಕ್ಕೂ ಸುಳಿದಿಲ್ಲ. ಗಡಿಯಾಚೆಯ ಸಂಕೇಶ್ವರ ಹತ್ತಿರ, ಜಿಲ್ಲಾಕೇಂದ್ರವಾದ ಕೊಲ್ಲಾಪುರ ದೂರ. ಪೇಟೆಯಲ್ಲಿ ನಿಂತು ಕಿವಿಗೊಟ್ಟರೆ ಮರಾಠಿಯ ಜೊತೆಗೆ ಕನ್ನಡವೂ ಧಾರಾಳವಾಗಿ ಕೇಳಿಸುತ್ತದೆ. ನಮ್ಮ ಕುಂಬಳೆ, ಬದಿಯಡ್ಕ, ಮಂಜೇಶ್ವರಗಳನ್ನು ಕಂಡವರಿಗೆ ಗಡಹಿಂಗ್ಲಜದ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ಜಿಲ್ಲೆಯ ಈ ಮೂರು ಊರುಗಳ ಅಗತ್ಯ ಒಂದೇ ಅಲ್ಲ. ಕೊಲ್ಲಾಪುರಕ್ಕೆ ಇಕ್ಕಟ್ಟಿನ ಪೇಟೆಯೊಳಗೆ ಹೊಗೆಯಿಲ್ಲದೆ ಓಡುವ ಬಸ್ಸು ಬೇಕು. ಇಚಲಕರಂಜಿಗೆ ಪಾಳಿಯ ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಬೇಕು. ಗಡಹಿಂಗ್ಲಜಕ್ಕೆ ಮೊತ್ತಮೊದಲು ಬಸ್ಸು ಬೇಕು.

ಡೀಸೆಲಿನ ರೂಪಾಯಿ ಎಲ್ಲಿಗೆ ಹೋಗುತ್ತದೆ?

ನಗರದ ಒಂದು ದೊಡ್ಡ ಡೀಸೆಲ್ ಬಸ್ಸು ಲೀಟರಿಗೆ ನಾಲ್ಕು ಕಿ.ಮೀ. ಓಡುತ್ತದೆಂದೂ ಡೀಸೆಲಿನ ಬೆಲೆ ಲೀಟರಿಗೆ 90 ರೂ. ಎಂದೂ ಇಟ್ಟುಕೊಳ್ಳೋಣ. ಕಿ.ಮೀ. ಒಂದಕ್ಕೆ ಇಂಧನದ ಖರ್ಚೇ ಇಪ್ಪತ್ತೆರಡೂವರೆ ರೂಪಾಯಿ. ದಿನಕ್ಕೆ ಇನ್ನೂರು ಕಿ.ಮೀ. ಓಡಿದರೆ ನಾಲ್ಕೂವರೆ ಸಾವಿರ. ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲನ್ನು ಹೊರದೇಶಗಳಿಂದ ತರಿಸುತ್ತದೆ. ಆದುದರಿಂದ ಆ ನಾಲ್ಕೂವರೆ ಸಾವಿರದಲ್ಲಿ ತೆರಿಗೆ ಮತ್ತು ಪಂಪಿನವರ ಕಮಿಷನ್ ಕಳೆದು ಉಳಿದದ್ದರ ಬಹುಭಾಗ ಕಡಲು ದಾಟಿ ಹೋಗುತ್ತದೆ. ಅದರಿಂದ ಊರಿಗೆ ದಕ್ಕುವುದು ಹೊಗೆ ಮಾತ್ರ.

ಬ್ಯಾಟರಿಯ ಬಸ್ಸು ಕಿ.ಮೀ.ಗೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ತು ತಿನ್ನುತ್ತದೆ. ಯೂನಿಟ್‌ಗೆ ಎಂಟೊಂಬತ್ತು ರೂಪಾಯಿ ಹಿಡಿದರೂ ಇಂಧನದ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಓಣಿಯಲ್ಲಿ ಹೊಗೆಯಿಲ್ಲ. ಇದು ಒಪ್ಪತಕ್ಕ ಮಾತು. ಆದರೆ ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಕೊಲ್ಲಾಪುರದ ಹೊಗೆ ಕಡಿಮೆಯಾದಾಗ ಅದರ ಒಂದು ಅಂಶ ಚಂದ್ರಪುರದ ಕಡೆಯ ವಿದ್ಯುದಾಗಾರಗಳ ಚಿಮಣಿಯಲ್ಲಿ ಏಳುತ್ತದೆ ಎಂಬುದನ್ನೂ ಮರೆಯಬಾರದು.

ದೆಹಲಿಯ ಯೋಜನೆ, ದೂರದ ಒಡೆಯ

ಕೇಂದ್ರ ಸರಕಾರವು 2023ರ ಆಗಸ್ಟಿನಲ್ಲಿ ‘ಪಿ.ಎಂ. ಇ-ಬಸ್ ಸೇವಾ’ ಎಂಬ ಯೋಜನೆಗೆ ಒಪ್ಪಿಗೆಯಿತ್ತಿತು. ಹತ್ತು ಸಾವಿರ ಬ್ಯಾಟರಿ ಬಸ್ಸುಗಳು. ಒಟ್ಟು ವೆಚ್ಚದ ಅಂದಾಜು 57,613 ಕೋಟಿ ರೂ.; ಅದರಲ್ಲಿ ಕೇಂದ್ರದ ಪಾಲು 20 ಸಾವಿರ ಕೋಟಿ. ಕೊಲ್ಲಾಪುರಕ್ಕೆ ಇದರಲ್ಲಿ ನೂರು ಬಸ್ಸುಗಳ ಮಂಜೂರಾತಿ ದೊರೆಯಿತು. ಒಳ್ಳೆಯದೇ. ಆದರೆ ಯೋಜನೆಯ ಒಳಗೆ ಇಣುಕಿ ನೋಡಬೇಕು.

ಇಲ್ಲಿ ಬಸ್ಸು ನಗರಪಾಲಿಕೆಯದಲ್ಲ. ಗುತ್ತಿಗೆ ಹಿಡಿದ ಕಂಪೆನಿ ಬಸ್ಸು ತಂದು ಓಡಿಸುತ್ತದೆ. ಓಡಿದ ಕಿ.ಮೀ. ಒಂದಕ್ಕೆ ಇಂತಿಷ್ಟು ಎಂದು ಪಾಲಿಕೆ ಅದಕ್ಕೆ ಹಣ ಕೊಡುತ್ತದೆ. ಕೇಂದ್ರದ ನೆರವು ದೊಡ್ಡ ಬಸ್ಸಿಗೆ ಕಿ.ಮೀ.ಗೆ 24 ರೂ., ನಡುಗಾತ್ರದ್ದಕ್ಕೆ 22, ಸಣ್ಣದಕ್ಕೆ 20. ಬಸ್ಸಿನಲ್ಲಿ ಐವತ್ತು ಜನ ಕೂತರೂ ಐದೇ ಜನ ಕೂತರೂ ಕಂಪೆನಿಯ ಹಣ ಕಂಪೆನಿಗೆ. ಟಿಕೆಟ್ಟಿನಿಂದ ಅಷ್ಟು ಹುಟ್ಟದಿದ್ದರೆ ನಷ್ಟ ಊರಿನ ಪಾಲಿಗೆ. ಪಾಲಿಕೆ ಹಣ ಕೊಡಲು ತಪ್ಪಿದರೆ ಕಂಪೆನಿಗೆ ತೊಂದರೆಯಾಗಬಾರದೆಂದು 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟವು 3,435 ಕೋಟಿ ರೂಪಾಯಿಯ ಪಾವತಿ ಭದ್ರತೆಯ ಇನ್ನೊಂದು ಯೋಜನೆಯನ್ನು ಮಂಜೂರು ಮಾಡಿತು. ಬಂಡವಾಳ ಹೂಡುವವನಿಗೆ ಧೈರ್ಯ ಬೇಕು, ನಿಜ. ಆದರೆ ಬಸ್ಸು ಹೊತ್ತಿಗೆ ಬಾರದಿದ್ದರೆ ಪ್ರಯಾಣಿಕನಿಗೆ ಯಾವ ಭದ್ರತೆ? ಆ ಪ್ರಶ್ನೆಗೆ ಸಂಪುಟದ ಟಿಪ್ಪಣಿಯಲ್ಲಿ ಉತ್ತರ ಹುಡುಕುವುದು ವ್ಯರ್ಥ.

ಇನ್ನೊಂದು ಸಂಗತಿ. ಈ ಯೋಜನೆ ಮೂರು ಲಕ್ಷದಿಂದ ನಲವತ್ತು ಲಕ್ಷದವರೆಗಿನ ಜನಸಂಖ್ಯೆಯ ನಗರಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ್ದು. ಗಡಹಿಂಗ್ಲಜದಂಥ ಪೇಟೆ ಅದರ ಜರಡಿಯಲ್ಲಿ ನಿಲ್ಲುವುದಿಲ್ಲ. ನಮ್ಮ ಕಾಸರಗೋಡು ನಗರಸಭೆಯೂ ನಿಲ್ಲುವುದಿಲ್ಲ. ಹಳೆಯ ಡೀಸೆಲ್ ಬಸ್ಸು ದೊಡ್ಡ ನಗರದಿಂದ ಬಿಡುಗಡೆಯಾಗಿ ಸಣ್ಣ ಊರಿಗೆ ಬರುತ್ತದೆ ಎಂಬ ಹಳೆಯ ಸಂಪ್ರದಾಯವೇ ಮುಂದುವರಿದರೆ, ಹಸಿರು ನಗರಕ್ಕೆ, ಹೊಗೆ ಹಳ್ಳಿಗೆ ಎಂದಾಗುತ್ತದೆ.

ಕೊಲ್ಲಾಪುರಕ್ಕೆ ಮಾತ್ರ ಅನ್ವಯಿಸುವ ಮೂರನೆಯ ಸಂಗತಿಯೊಂದಿದೆ. 2019ರ ಆಗಸ್ಟಿನಲ್ಲೂ 2021ರ ಜುಲೈಯಲ್ಲೂ ಪಂಚಗಂಗೆ ಉಕ್ಕಿ ಶಿರೋಲಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯೇ ಮುಳುಗಿ ಸಂಚಾರ ದಿನಗಟ್ಟಲೆ ನಿಂತಿತ್ತು. ಬಸ್ಸುಗಳಿಗೆ ವಿದ್ಯುತ್ತು ತುಂಬುವ ಡಿಪೋವನ್ನು ನೆರೆ ಮುಟ್ಟದ ಎತ್ತರದಲ್ಲಿ ಕಟ್ಟದಿದ್ದರೆ ಜನರಿಗೆ ಬಸ್ಸು ಅತ್ಯಗತ್ಯವಾದ ಹೊತ್ತಿನಲ್ಲೇ ಬಸ್ಸುಗಳೆಲ್ಲ ನಿಂತಲ್ಲೇ ನಿಲ್ಲುತ್ತವೆ.

ಎರಕದ ಮನೆಯ ಆತಂಕ

ಇನ್ನು ಹೆಚ್ಚಿನವರು ಗಮನಿಸದಿರುವ ವಿಷಯಕ್ಕೆ ಬರೋಣ. ಕೊಲ್ಲಾಪುರವೆಂದರೆ ನಮಗೆ ಬೆಲ್ಲ, ಚಪ್ಪಲಿ, ಕುಸ್ತಿಯ ನೆನಪು. ಆದರೆ ಶಿರೋಲಿ, ಗೋಕುಲ ಶಿರಗಾಂವ್‌ಗಳ ಕೈಗಾರಿಕಾ ವಸಾಹತುಗಳಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಎರಕದ ಕಾರ್ಖಾನೆಗಳು, ಅಲ್ಲಿಯ ಮಾತಿನಲ್ಲಿ ಫೌಂಡ್ರಿಗಳು, ಇನ್ನೂರೈವತ್ತರಿಂದ ಮುನ್ನೂರರಷ್ಟಿವೆ. ಹಿಂದೆ ನದಿಯಿಂದ ಕಬ್ಬಿನ ಗದ್ದೆಗೆ ನೀರೆತ್ತಲು ಬೇಕಾದ ಆಯಿಲ್ ಇಂಜಿನುಗಳನ್ನು ತಯಾರಿಸಿ ಪಳಗಿದ ಕೈಗಳು ಮುಂದೆ ಲಾರಿ, ಬಸ್ಸು, ಟ್ರಾಕ್ಟರುಗಳ ಇಂಜಿನ್ ಭಾಗಗಳನ್ನು ಎರಕ ಹೊಯ್ಯತೊಡಗಿದವು. ರೈತನ ಅಗತ್ಯದಿಂದ ಹುಟ್ಟಿದ ಕೈಗಾರಿಕೆ ಅದು.

ಬ್ಯಾಟರಿ ಬಸ್ಸಿಗೆ ಸಿಲಿಂಡರ್ ಬ್ಲಾಕ್ ಬೇಡ, ಸಿಲಿಂಡರ್ ಹೆಡ್ ಬೇಡ, ಹೊಗೆಕೊಳವೆ ಬೇಡ. ಗಾಲಿಯ ಹಬ್, ಬ್ರೇಕ್ ಡ್ರಮ್, ಆಕ್ಸಲಿನ ಭಾಗಗಳು ಮಾತ್ರ ಉಳಿಯುತ್ತವೆ. ಬಸ್ಸುಗಳ ಜೊತೆಗೆ ಲಾರಿ, ಕಾರುಗಳೂ ಈ ದಾರಿ ಹಿಡಿದ ದಿನ, ಇಂಜಿನ್ ಭಾಗಗಳನ್ನೇ ನಂಬಿದ ಎರಕದ ಮನೆಗಳ ಗತಿಯೇನು? ಅಲ್ಲಿಯ ಮೋಲ್ಡರ್, ಫಿಟ್ಟರ್, ಡಿಪೋದ ಮೆಕ್ಯಾನಿಕ್, ರಸ್ತೆ ಬದಿಯ ಗ್ಯಾರೇಜಿನ ಹುಡುಗ, ಇವರೆಲ್ಲ ಮುಂದೇನು ಮಾಡಬೇಕು? ಊರಿನ ಗಾಳಿ ಶುದ್ಧವಾಗಿ ಊರಿನ ಒಲೆ ಆರಿದರೆ ಅದನ್ನು ಪ್ರಗತಿ ಎನ್ನಲು ಬಾಯಿ ಬಾರದು.

ಹಾಗೆಂದು ಡೀಸೆಲಿಗೆ ಜೋತುಬೀಳಬೇಕೆಂದು ಹೇಳುತ್ತಿಲ್ಲ. ಕಾಲಚಕ್ರವನ್ನು ಹಿಂದಕ್ಕೆ ತಿರುಗಿಸಲು ಯಾರಿಂದಲೂ ಆಗದು. ಆಯಿಲ್ ಇಂಜಿನಿನಿಂದ ಲಾರಿಯ ಭಾಗಕ್ಕೆ ಬದಲಾದ ಕೈಗಳು ಇನ್ನೊಮ್ಮೆ ಬದಲಾಗಬಲ್ಲವು. ಆದರೆ ಅದಕ್ಕೆ ಅವಕಾಶ ಕೊಡಬೇಕು. ನೂರು ಬಸ್ಸಿನ ಗುತ್ತಿಗೆಯಲ್ಲಿ ‘ಬ್ರೇಕ್ ಡ್ರಮ್, ಹಬ್ ಮುಂತಾದ ಬಿಡಿಭಾಗಗಳಲ್ಲಿ ಇಂತಿಷ್ಟು ಪಾಲು ಇದೇ ಜಿಲ್ಲೆಯಿಂದ, ದುರಸ್ತಿ ಕೆಲಸ ಇದೇ ಊರಿನ ಐ.ಟಿ.ಐ. ಕಲಿತ ಹುಡುಗರಿಂದ’ ಎಂದು ಎರಡು ಸಾಲು ಸೇರಿಸಲು ಪಾಲಿಕೆಗೆ ತಗಲುವ ಖರ್ಚೆಷ್ಟು? ಗುತ್ತಿಗೆಗೆ ಸಹಿ ಹಾಕುವ ಮುನ್ನ ಕೇಳಿದರೆ ಆಗುವ ಕೆಲಸ; ಸಹಿಯಾದ ಮೇಲೆ ಹತ್ತು ವರ್ಷ ಅರ್ಜಿ ಬರೆದರೂ ಆಗದು.

ಕಬ್ಬಿನ ಕಸದಲ್ಲಿ ಬಸ್ಸಿನ ಇಂಧನ

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಕೊಲ್ಲಾಪುರ ಜಿಲ್ಲೆಯಲ್ಲಿ ಇಪ್ಪತ್ತರ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಗಡಹಿಂಗ್ಲಜ ತಾಲೂಕಿನಲ್ಲೂ ಉಂಟು, ಗಡಿಯಾಚೆ ಸಂಕೇಶ್ವರದಲ್ಲಿ ಹಿರಣ್ಯಕೇಶಿಯ ಹೆಸರಿನ ಸಹಕಾರಿ ಕಾರ್ಖಾನೆಯೇ ಉಂಟು. ಕಬ್ಬಿನಿಂದ ಎಥನಾಲ್ ತೆಗೆದು ಪೆಟ್ರೋಲಿಗೆ ಬೆರೆಸುವ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ರೈತರಿಗೆ ಅದರಿಂದ ಲಾಭವಾದದ್ದು ಸುಳ್ಳಲ್ಲ. ಆದರೆ ಪೆಟ್ರೋಲಿನಿಂದ ಓಡುವುದು ಕಾರು ಮತ್ತು ಬೈಕು, ಬಸ್ಸಲ್ಲ. ಅಲ್ಲದೆ ಎಥನಾಲಿಗೆ ಬೇಕಾದದ್ದು ಸಕ್ಕರೆಗೂ ಬೇಕಾದ ರಸ. 2023ರ ಡಿಸೆಂಬರಿನಲ್ಲಿ ಸಕ್ಕರೆ ಕಡಿಮೆಯಾದೀತೆಂಬ ಭಯದಿಂದ ಕಬ್ಬಿನ ರಸವನ್ನು ಎಥನಾಲಿಗೆ ಬಳಸುವುದಕ್ಕೆ ಸರಕಾರ ಒಮ್ಮೆಲೇ ತಡೆಹಾಕಿದಾಗ, ಸಾಲ ತಂದು ಯಂತ್ರ ಹೂಡಿದ್ದ ಕಾರ್ಖಾನೆಗಳು ಕಂಗಾಲಾದವು.

ಕಬ್ಬಿನಲ್ಲಿ ರಸವೊಂದೇ ಇಲ್ಲ. ರಸವನ್ನು ಸೋಸಿದಾಗ ಉಳಿಯುವ ಕಪ್ಪು ಕೆಸರಿಗೆ ಪ್ರೆಸ್‌ಮಡ್ ಎನ್ನುತ್ತಾರೆ. ನುರಿಸಿದ ಕಬ್ಬಿನ ತೂಕದಲ್ಲಿ ನೂರಕ್ಕೆ ಮೂರು, ನಾಲ್ಕು ಪಾಲು ಅದು. ಅದನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿದರೆ ನಮ್ಮ ಗೋಬರ್ ಗ್ಯಾಸಿನಂಥದೇ ಅನಿಲ ಹುಟ್ಟುತ್ತದೆ. ಶುದ್ಧಮಾಡಿ ಒತ್ತಡದಲ್ಲಿ ಸಿಲಿಂಡರಿಗೆ ತುಂಬಿದರೆ ಸಿ.ಎನ್.ಜಿ. ಬಸ್ಸು ಯಾವ ಬದಲಾವಣೆಯೂ ಇಲ್ಲದೆ ಓಡುತ್ತದೆ. ಇದು ಕಲ್ಪನೆಯ ಮಾತಲ್ಲ. ವಾರಣಾ ಸೀಮೆಯ ಕೋಡೋಲಿಯಲ್ಲಿ ಪ್ರೆಸ್‌ಮಡ್‌ನಿಂದ ಅನಿಲ ತಯಾರಿಸುವ ಘಟಕ ಹತ್ತು ವರ್ಷಗಳಿಗೂ ಹಿಂದೆಯೇ ಸ್ಥಾಪನೆಯಾಯಿತು. ಇಂಥ ಅನಿಲವನ್ನು ತೈಲ ಕಂಪೆನಿಗಳು ಕೊಂಡುಕೊಳ್ಳುವ ‘ಸತತ್’ ಯೋಜನೆ 2018ರ ಅಕ್ಟೋಬರಿನಲ್ಲಿ ಆರಂಭವಾಯಿತು.

ಹತ್ತನೆಯ ತರಗತಿಯ ಮಕ್ಕಳೊಡನೆ ಕರಿಹಲಗೆಯ ಮೇಲೆ ಮಾಡಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ದಿನಕ್ಕೆ ಐದು ಸಾವಿರ ಟನ್ ಕಬ್ಬು ನುರಿಸುವ ಒಂದು ಕಾರ್ಖಾನೆ. ನೂರಕ್ಕೆ ಮೂರೂವರೆಯಂತೆ ಪ್ರೆಸ್‌ಮಡ್ 175 ಟನ್. ಇಪ್ಪತ್ತೈದು ಟನ್ನಿನಿಂದ ಒಂದು ಟನ್ ಶುದ್ಧ ಅನಿಲ ಸಿಗುವುದರಿಂದ ದಿನಕ್ಕೆ ಏಳು ಟನ್. ಹಂಗಾಮು 130 ದಿನವೆಂದರೆ 910 ಟನ್. ಇದನ್ನು ವರ್ಷದ 365 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು ಎರಡೂವರೆ ಟನ್. ಒಂದು ಬಸ್ಸು ಕಿಲೋಗೆ ಮೂರೂವರೆ ಕಿ.ಮೀ.ನಂತೆ ದಿನಕ್ಕೆ ಇನ್ನೂರು ಕಿ.ಮೀ. ಓಡಲು 57 ಕಿಲೋ ಬೇಕು. ಹಾಗಾದರೆ ಒಂದೇ ಕಾರ್ಖಾನೆಯ ಕಸದಿಂದ ವರ್ಷವಿಡೀ ನಲವತ್ತಕ್ಕೂ ಹೆಚ್ಚು ಬಸ್ಸು ಓಡಬಹುದು! ಕೂಡಿಟ್ಟ ಪ್ರೆಸ್‌ಮಡ್ ಬಿಸಿಲಿಗೆ ಸತ್ವ ಕಳೆದುಕೊಳ್ಳುತ್ತದೆ. ಅದಕ್ಕಾಗಿ ಒಂದಿಷ್ಟು ಕಳೆದು ಮೂವತ್ತು ಬಸ್ಸು ಎನ್ನೋಣ. ಗಡಹಿಂಗ್ಲಜದಂಥ ತಾಲೂಕಿಗೆ ಮೂವತ್ತು ಬಸ್ಸು ಸಾಮಾನ್ಯ ಮಾತಲ್ಲ.

ಇಲ್ಲಿ ಹಣದ ದಾರಿಯನ್ನು ಗಮನಿಸಬೇಕು. ಡೀಸೆಲಿಗೆ ಕೊಡುತ್ತಿದ್ದ ಹಣದಲ್ಲಿ ಪ್ರೆಸ್‌ಮಡ್‌ನ ಬೆಲೆ ಕಾರ್ಖಾನೆಗೆ, ಕಾರ್ಖಾನೆ ಸಹಕಾರಿಯಾಗಿದ್ದರೆ ಅದರ ಮೂಲಕ ಸದಸ್ಯ ರೈತನಿಗೆ; ಅನಿಲ ಘಟಕದ ಕೂಲಿ ಊರಿನ ಹುಡುಗರಿಗೆ; ಉಳಿದ ಗಸಿ ಗೊಬ್ಬರವಾಗಿ ಮರಳಿ ಗದ್ದೆಗೆ. ಅನಿಲದ ಬಸ್ಸಿಗೆ ಇಂಜಿನ್ ಬೇಕಾದುದರಿಂದ ಎರಕದ ಮನೆಗೂ ಗ್ಯಾರೇಜಿಗೂ ಹೊಸ ಕೆಲಸ ಕಲಿಯಲು ಸ್ವಲ್ಪ ಕಾಲಾವಕಾಶ ದೊರೆಯುತ್ತದೆ.

ಆಕ್ಷೇಪಗಳಿಲ್ಲವೆ? ಇವೆ. ಈಗ ಪ್ರೆಸ್‌ಮಡ್ಡನ್ನು ರೈತರು ಗೊಬ್ಬರವಾಗಿ ಒಯ್ಯುತ್ತಾರೆ. ಅನಿಲಕ್ಕೆಂದು ಅದರ ಬೆಲೆ ಏರಿದರೆ ಸಣ್ಣ ಹಿಡುವಳಿದಾರನಿಗೆ ಪೆಟ್ಟು. ಅನಿಲ ತೆಗೆದ ಮೇಲೂ ಸಾರಜನಕ, ರಂಜಕಗಳು ಗಸಿಯಲ್ಲಿ ಉಳಿಯುವುದರಿಂದ, ಕಬ್ಬು ತಂದವನಿಗೆ ಆ ಗೊಬ್ಬರ ಮೊದಲು ಸಿಗಬೇಕೆಂಬ ನಿಯಮ ಬೇಕು. ಎರಡನೆಯದಾಗಿ, ಬಸ್ಸಿಗೆ ಅನಿಲ ಬೇಕೆಂದು ಇನ್ನಷ್ಟು ಕಬ್ಬು ನಾಟಿ ಮಾಡಬಾರದು. ಕಬ್ಬು ನೀರು ಕುಡಿಯುವ ಬೆಳೆ. ಕಾರ್ಖಾನೆ, ನಗರ, ಮಗ್ಗದ ಬಣ್ಣ ಇವೆಲ್ಲದರ ಕೊಳೆ ಸೇರಿ ಪಂಚಗಂಗೆ ಎಷ್ಟು ಸೊರಗಿದೆಯೆಂಬುದನ್ನು 2012ರಲ್ಲಿ ಇಚಲಕರಂಜಿಯಲ್ಲಿ ಹಬ್ಬಿ ಜೀವಗಳನ್ನು ಬಲಿ ತೆಗೆದುಕೊಂಡ ಕಾಮಾಲೆಯನ್ನು ಕಂಡವರು ಮರೆಯಲಾರರು. ಈಗಿರುವ ಕಸವನ್ನು ಬಳಸೋಣ. ಕಸಕ್ಕಾಗಿ ಬೆಳೆ ಬೆಳೆಯುವುದು ಬೇಡ.

ಬಸ್ಸಿನ ಒಡೆಯ ಯಾರಾಗಬೇಕು?

ಇಂಧನ ಊರಿನದಾದರೆ ಸಾಲದು, ಬಸ್ಸೂ ಊರಿನದಾಗಬೇಕು. ಸಕ್ಕರೆಯ ಸಂಘ, ಹಾಲಿನ ಸಂಘ, ನೂಲಿನ ಗಿರಣಿಯ ಸಂಘ ಕಟ್ಟಿದ ಕೊಲ್ಲಾಪುರದವರಿಗೆ ಬಸ್ಸಿನ ಸಂಘ ಕಟ್ಟುವುದು ಕಷ್ಟವೆ?

ನಮ್ಮ ಕನ್ನಡನಾಡಿನಲ್ಲೇ ಇದಕ್ಕೆ ಉದಾಹರಣೆಯುಂಟು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಖಾಸಗಿ ಬಸ್ ಕಂಪೆನಿಯೊಂದು ಬಾಗಿಲು ಹಾಕಿದಾಗ ಕೆಲಸ ಕಳೆದುಕೊಂಡ ನೌಕರರೇ ಸೇರಿ 1991ರಲ್ಲಿ ‘ಸಹಕಾರ ಸಾರಿಗೆ’ಯನ್ನು ಆರಂಭಿಸಿದರು. ಚಾಲಕನೇ ಒಡೆಯ, ನಿರ್ವಾಹಕನೇ ಪಾಲುದಾರ. ಮಲೆನಾಡಿನ ತಿರುವು ಮುರುವಿನ ಹಾದಿಗಳಲ್ಲಿ ಮೂರು ದಶಕಗಳ ಹತ್ತಿರ ಆ ಬಸ್ಸುಗಳು ಓಡಿದವು. ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ನಿಂತವು. ಅದರ ಏಳಿನಿಂದಲೂ ಬೀಳಿನಿಂದಲೂ ಕಲಿಯಬೇಕಾದದ್ದಿದೆ. ಕೆಲಸಗಾರರಿಗೆ ಬಸ್ಸು ಓಡಿಸುವ ಯೋಗ್ಯತೆಯಿದೆ ಎಂಬುದು ಮೊದಲನೆಯದು. ಏರುವ ಡೀಸೆಲಿನ ಬೆಲೆಯನ್ನು ಸಣ್ಣ ಸಂಘ ಒಂಟಿಯಾಗಿ ತಾಳಲಾರದು ಎಂಬುದು ಎರಡನೆಯದು. ದೂರದ ಕಂಪೆನಿಗೆ ಕಿ.ಮೀ.ಗೆ ಇಪ್ಪತ್ತು, ಇಪ್ಪತ್ತನಾಲ್ಕು ರೂಪಾಯಿ ಕೊಡಲು ಒಪ್ಪುವ ಸರಕಾರವು ಅದೇ ನೆರವನ್ನು ಊರಿನ ಸಹಕಾರಿ ಸಂಘಕ್ಕೆ ಕೊಡಬಾರದೇಕೆ? ಈ ಪ್ರಶ್ನೆಯನ್ನು ಶಾಸಕರೂ ಸಂಸದರೂ ಕೇಳಬೇಕು.

ಹಸಿರು ವಾಹನವನ್ನು ಊರಲ್ಲೇ ತಯಾರಿಸಬಹುದೆಂಬುದಕ್ಕೆ ನಮ್ಮ ಕೇರಳವೇ ಸಾಕ್ಷಿ. 2017ರ ಜನವರಿಯಿಂದ ವೈಕಂ ಮತ್ತು ತವಣಕ್ಕಡವುಗಳ ನಡುವೆ ಓಡತೊಡಗಿದ ‘ಆದಿತ್ಯ’ ಎಂಬ 75 ಆಸನಗಳ ಸೌರದೋಣಿಯನ್ನು ಕಟ್ಟಿದ್ದು ಕೊಚ್ಚಿಯಲ್ಲೇ. ಡೀಸೆಲಿಗೆ ಹೋಗುತ್ತಿದ್ದ ಹಣ ಉಳಿದದ್ದು ಮಾತ್ರವಲ್ಲ, ದೋಣಿ ಕಟ್ಟುವ ಕೈಗಳಿಗೂ ಕೆಲಸ ದೊರೆಯಿತು. ಎರಕದ ಊರಾದ ಕೊಲ್ಲಾಪುರಕ್ಕೆ ಇದು ಅಸಾಧ್ಯವೆನ್ನುವಂತಿಲ್ಲ.

ಇನ್ನು ವಡಾಪಿನ ವಿಷಯ. ಅದನ್ನು ಕಾನೂನುಬಾಹಿರವೆಂದು ಹೊಡೆದೋಡಿಸುವುದು ಸುಲಭ. ಆದರೆ ಬಸ್ಸಿಲ್ಲದ ಹಳ್ಳಿಗೆ ಅದೇ ದೇವರು. ಅದರ ಚಾಲಕನೂ ಸಾಲ ತಂದು ಜೀಪು ಕೊಂಡ ಬಡವನೇ. ಅವನಿಗೆ ಪರವಾನಿಗೆ ಕೊಟ್ಟು, ಹಳ್ಳಿಯಿಂದ ಬಸ್ಸಿನ ಹಾದಿಗೆ ಜನರನ್ನು ತಂದುಬಿಡುವ ಕೆಲಸ ವಹಿಸಿ, ಅನಿಲ ಅಥವಾ ಬ್ಯಾಟರಿಯ ಗಾಡಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟು, ಒಂದೇ ಟಿಕೆಟ್ಟು ಎರಡೂ ಗಾಡಿಗೆ ನಡೆಯುವಂತೆ ಮಾಡಿದರೆ ಮೆಣಸಿನ ಚೀಲದ ಆ ತಾಯಿಗೂ ಅರ್ಧ ಟಿಕೆಟ್ಟು ಸಿಕ್ಕೀತು. ಇಚಲಕರಂಜಿಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ ಮಗ್ಗದ ಪೇಟೆಗಳಿಂದ ಹಳ್ಳಿಗಳಿಗೂ ಹಾತಕಣಂಗಲೆಯ ರೈಲಿಗೂ ಬಸ್ಸು ಹೊರಟರೆ, ಬೈಕಿನ ಕಂತಿಗೆ ಹೋಗುವ ನೇಕಾರನ ಹಣ ಮನೆಯಲ್ಲಿ ಉಳಿದೀತು. ಕೊಲ್ಲಾಪುರದಲ್ಲಿ ಯಾತ್ರಿಕರ ಕಾರುಗಳನ್ನು ಊರ ಹೊರಗೆ ನಿಲ್ಲಿಸಿ, ಸ್ತ್ರೀಯರ ಸ್ವಸಹಾಯ ಸಂಘಗಳು ನಡೆಸುವ ಬ್ಯಾಟರಿ ರಿಕ್ಷಾಗಳಲ್ಲಿ ಗುಡಿಗೆ ಕರೆದೊಯ್ದರೆ ಓಣಿಯ ಹೊಗೆಯೂ ಇಳಿಯುತ್ತದೆ, ನಾಲ್ಕು ಮನೆಗೆ ಅನ್ನವೂ ಆಗುತ್ತದೆ.

ಗಡಿಯ ಬೇಲಿ

ಕೊನೆಗೊಂದು ಮಾತು. ಇದು ಗಡಿನಾಡಿನ ನಮ್ಮ ಮನಸ್ಸಿಗೆ ಹತ್ತಿರವಾದದ್ದು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಬಳಿ ಬಸ್ ನಿರ್ವಾಹಕರೊಬ್ಬರ ಮೇಲೆ ಭಾಷೆಯ ಹೆಸರಿನಲ್ಲಿ ಹಲ್ಲೆಯಾಯಿತು. ಎರಡೂ ಕಡೆ ಕಾವೇರಿ, ಮಹಾರಾಷ್ಟ್ರ ಮತ್ತು ಕರ್ನಾಟಕಗಳ ನಡುವಿನ ಬಸ್ಸು ಸಂಚಾರಕ್ಕೆ ತಡೆಯುಂಟಾಯಿತು. ಘೋಷಣೆ ಕೂಗಿದವರಿಗೆ ಅದರಿಂದ ನಷ್ಟವಾಗಲಿಲ್ಲ. ಸಂಕೇಶ್ವರದ ಆಸ್ಪತ್ರೆಗೆ ಹೋಗಬೇಕಾದ ರೋಗಿಗೂ ಗಡಹಿಂಗ್ಲಜದ ಸಂತೆಗೆ ಹೋಗಬೇಕಾದ ಹೆಂಗಸಿಗೂ ನಷ್ಟವಾಯಿತು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆ ಕಣ್ಣೆದುರಿಗಿದ್ದರೂ ತಲಪಲಾರದೆ ನಮ್ಮವರು ಪ್ರಾಣ ಬಿಟ್ಟದ್ದನ್ನು ಕಂಡ ನಮಗೆ ಇದರ ನೋವು ಚೆನ್ನಾಗಿ ಅರ್ಥವಾಗುತ್ತದೆ.

ಹಿರಣ್ಯಕೇಶಿ ಗಡಿ ಕೇಳಿ ಹರಿಯುವುದಿಲ್ಲ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಜಂಟಿಯಾಗಿಯೇ ದೊರೆಯಿತು. ಚಪ್ಪಲಿ ಹೊಲಿಯುವವರು ಹಂಚಿಕೊಂಡದ್ದನ್ನು ಬಸ್ಸು ಓಡಿಸುವವರು ಹಂಚಿಕೊಳ್ಳಬಾರದೆ? ನಮ್ಮ ಅಡಕೆ ಬೆಳೆಗಾರರ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದ್ದು ಕರ್ನಾಟಕ, ಕೇರಳಗಳ ಜಂಟಿ ಸಹಕಾರಿ ಸಂಸ್ಥೆಯಾಗಿ. ಅಡಕೆಗೆ ಬೆಲೆ ಬಿದ್ದಾಗ ಗಡಿಯ ಇಬ್ಬದಿಯ ಬೆಳೆಗಾರರೂ ಒಂದೇ ಕಷ್ಟದಲ್ಲಿದ್ದರು. ಒಂದೇ ಸಂಘ ಕಟ್ಟಿದರು. ಗಡಹಿಂಗ್ಲಜ, ಸಂಕೇಶ್ವರಗಳ ಕಬ್ಬು ಬೆಳೆಗಾರರೂ ಹಾಗೆ ಕೂಡಿ ಒಂದು ಅನಿಲ ಘಟಕ, ಒಂದು ಬಸ್ ಸಂಘ ಕಟ್ಟಿದರೆ, ಎರಡೂ ಸರಕಾರಗಳು ಅದಕ್ಕೆ ಪರವಾನಿಗೆ ಕೊಟ್ಟು, ಬಸ್ಸಿನ ಬೋರ್ಡಿನಲ್ಲಿ ಮರಾಠಿಯ ಜೊತೆ ಕನ್ನಡವನ್ನೂ ಬರೆಸಿದರೆ, ಗಡಿಯ ಬೇಲಿಯಲ್ಲಿ ಒಂದು ತಡಮೆಯಾದರೂ ತೆರೆದೀತು.

ಕಾಸರಗೋಡಿನ ಓದುಗರು ಇದನ್ನು ದೂರದೂರಿನ ಸುದ್ದಿಯೆಂದು ಮಡಚಿಡಬಾರದು. ನಾಳೆ ನಮ್ಮ ಜಿಲ್ಲೆಗೂ ಹಸಿರು ಬಸ್ಸು ಬರುತ್ತದೆ. ಆಗ ನಾವು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಇಂಧನ ಎಲ್ಲಿಯದು? ದುರಸ್ತಿ ಯಾರ ಕೈಯಲ್ಲಿ? ನಷ್ಟವಾದರೆ ಹೊರುವವರು ಯಾರು? ಕೊನೆಯ ಹಳ್ಳಿಗೆ ಬಸ್ಸು ಎಷ್ಟು ಹೊತ್ತಿಗೆ? ಈ ನಾಲ್ಕಕ್ಕೆ ಉತ್ತರ ಸಿಕ್ಕಿದ ಮೇಲೆ ಬಸ್ಸಿನ ಬಣ್ಣ ಯಾವುದಾದರೂ ಚಿಂತೆಯಿಲ್ಲ.

ಗಡಹಿಂಗ್ಲಜದಲ್ಲಿ ವಡಾಪ್ ಇಳಿದಾಗ ಆ ಹೆಂಗಸು ಚೀಲ ಹೊತ್ತುಕೊಂಡು, ಸೆರಗಿನ ಗಂಟು ಬಿಚ್ಚಿ ಉಳಿದ ಚಿಲ್ಲರೆ ಎಣಿಸಿದಳು. ಮೆಣಸು ಮಾರುವ ಮೊದಲೇ ಬಾಡಿಗೆಗೆ ಇಷ್ಟು ಹೋಯಿತೆಂಬ ಲೆಕ್ಕ ಅವಳ ಮುಖದಲ್ಲಿತ್ತು. ದೊಡ್ಡ ಯೋಜನೆಗಳ ಕಡತದಲ್ಲಿ ಆ ಲೆಕ್ಕಕ್ಕೂ ಒಂದು ಸಾಲು ಜಾಗ ಬೇಕು.